ಏಪ್ರನ್ ಬಿಚ್ಚಿ ಕೊಡುವ ಸೋಮವಾರ

“ನಿನಗೊಬ್ಬಳಿಗೇನಾ ಹೊಟ್ಟೆ ಬಂದಿರೋದು? ಮರ್ಯಾದೆಯಾಗಿ ಸೋಮವಾರ ಏಪ್ರನ್ ಬಿಚ್ಚಿ ನನ್ನ ಕೈಗೆ ಕೊಡು!”

“ಕೊಡಲ್ಲ ಅತ್ತೆ. ನಾನು ಬಸುರಿ ಆಗಿದೀನಿ, ಕೈ ಮುರ್ಕೊಂಡಿಲ್ಲ.”

“ಬಾಯಿ ಮುಚ್ಚು! ಆ ಲಾಂಡ್ರೀಲಿ ಇವತ್ತಿನವರೆಗೂ ಯಾರೂ ನನ್ನ ಮಾತು ಮೀರಿಲ್ಲ. ಈಗ ಮನೆಯೋಳೇ ಎದುರು ನಿಂತ್ರೆ ನಾನು ಮುಖ ಎಲ್ಲಿಟ್ಕೊಳ್ಲಿ?”

ಅತ್ತೆ, ಸೊಸೆ ಇಬ್ಬರೂ ಒಂದೇ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವರು. ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆಯೆಲ್ಲ ಅಲ್ಲಿಗೆ ಬರುತ್ತದೆ. ಉದ್ದನೆಯ ಕೋಣೆ, ಸಾಲಾಗಿ ಮೇಜುಗಳು, ತಲೆಯ ಮೇಲೆ ಉಗಿಯ ಕೊಳವೆಗಳು. ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತೇ ಕೆಲಸ.

ಅಲ್ಲಿ ಒಂದು ರೂಢಿಯಿತ್ತು. ಹೊಟ್ಟೆ ಕಾಣಿಸತೊಡಗಿದ ಹೆಂಗಸು ಒಂದು ಸೋಮವಾರ ತಾನಾಗಿಯೇ ಏಪ್ರನ್ ಬಿಚ್ಚಿ ಹಿರಿಯಳ ಕೈಗೆ ಕೊಡಬೇಕು. ಹಿರಿಯಳು ಅದನ್ನು ಅಲ್ಲೇ ಹೊಸಬಳ ಸೊಂಟಕ್ಕೆ ಕಟ್ಟಬೇಕು. ಉಳಿದವರು ಚಪ್ಪಾಳೆ ತಟ್ಟಬೇಕು. ಯಜಮಾನ ಯಾರಿಗೂ ಹೋಗು ಎಂದವನಲ್ಲ. ಹೇಳಿಸಿಕೊಳ್ಳುವ ಮೊದಲೇ ಹೋಗುವುದು ಗೌರವ ಎಂದು ಹೆಂಗಸರೇ ನಂಬಿದ್ದರು. ಏಪ್ರನ್ ಇಸಿದುಕೊಳ್ಳುವ ಹಿರಿಯಳು ಈ ಅತ್ತೆಯೇ. ಹೊಸ ಹುಡುಗಿ ಸಿಕ್ಕಿದ್ದಾಳೆ, ಸೊಸೆಗೆ ಹೇಳಿಬಿಡಿ ಎಂದು ಮ್ಯಾನೇಜರು ಆ ದಿನ ಅವಳ ಕಿವಿಯಲ್ಲಿ ಹೇಳಿದ್ದ.

ಊಟಕ್ಕೆ ಕುಳಿತಿದ್ದ ಮಗ ಮೆಲ್ಲಗೆ, “ಅಮ್ಮ ಹೇಳೋದೂ ಸರಿ ಅಲ್ವಾ...” ಎಂದ.

“ರೀ, ನೀವು ಸುಮ್ನೆ ಊಟ ಮಾಡಿ” ಎಂದಳು ಹೆಂಡತಿ. ಅವನು ಊಟ ಮಾಡಿದ.

ಅಷ್ಟರಲ್ಲಿ ಮಹಡಿ ಮನೆಯ ನರ್ಸಮ್ಮ ಬಾಗಿಲಲ್ಲಿ ನಿಂತಳು.

“ಅಕ್ಕಾ, ನಿಮ್ಮ ಜಗಳ ಮೆಟ್ಟಿಲು ಹತ್ತಿ ನಮ್ಮನೆಗೆ ಬಂದಿತ್ತು. ವಾಪಸ್ ಬಿಟ್ಟು ಹೋಗೋಣ ಅಂತ ಬಂದೆ.”

“ಬಾ ನರ್ಸಮ್ಮ, ನೀನೇ ಹೇಳು. ಆ ಬಿಸೀಲಿ, ಆ ಉಗೀಲಿ ಇವಳು ನಿಂತ್ರೆ ನನ್ನ ಮೊಮ್ಮಗೂಗೆ ಏನಾದ್ರೂ ಆದ್ರೆ?”

“ನಿಮ್ಮ ಭಯ ನ್ಯಾಯವಾದದ್ದೇ. ಇಸ್ತ್ರಿ ಬೇಡ. ಬೇರೆ ಕೆಲಸ ಕೇಳಲಿ.”

“ಬೇರೆ ಕೆಲಸ ಯಾರು ಕೊಡ್ತಾರೆ? ಬಿಡೋದೇ ಒಳ್ಳೇದು.”

“ಬಿಟ್ಟರೆ ಆಯ್ತು ಕಥೆ. ಬಸುರಿ ಅನ್ನೋ ಕಾರಣಕ್ಕೆ ಕೆಲಸದಿಂದ ತೆಗೆಯೋ ಹಾಗಿಲ್ಲ, ಅದಕ್ಕೆ ಕಾನೂನಿದೆ. ಭಾರದ ಕೆಲಸ, ತುಂಬಾ ಹೊತ್ತು ನಿಲ್ಲೋ ಕೆಲಸ ಆಗಲ್ಲ ಅಂದ್ರೆ ಬದಲಾಯಿಸಿ ಕೊಡಿ ಅಂತ ಕೇಳಬಹುದು. ಹೆರಿಗೆಗೆ ರಜೆ ಕೇಳಬಹುದು. ಆದರೆ ಏಪ್ರನ್ ಬಿಚ್ಚಿ ಕೊಟ್ಟರೆ? ‘ನಾವೆಲ್ಲಿ ತೆಗೆದ್ವಿ, ಅವಳೇ ಹೋದಳು’ ಅಂತಾರೆ. ಆಮೇಲೆ ಯಾರನ್ನ ಹಿಡ್ಕೊಂಡು ಕೇಳ್ತೀರಿ?”

“ಕಾನೂನೆಲ್ಲ ದೊಡ್ಡ ದೊಡ್ಡ ಆಫೀಸಿಗೆ ಕಣೇ. ನಮ್ಮ ಉಗಿ ಗೂಡಿಗೆ ಯಾವ ಕಾನೂನು ಬರುತ್ತೆ?”

“ಅದು ತಾನಾಗಿ ಬರಲ್ಲ. ಕರೀಬೇಕು” ಎಂದಳು ನರ್ಸಮ್ಮ. ಬಳಿಕ ಕೇಳಿದಳು: “ಹೌದು, ನೀವೂ ಬಿಟ್ಟಿದ್ರಲ್ಲ ಅಕ್ಕಾ, ಇವನು ಹೊಟ್ಟೇಲಿದ್ದಾಗ. ಆಮೇಲೆ ಹೇಗೆ ಸೇರಿಸ್ಕೊಂಡ್ರು?”

ಅತ್ತೆ ಮಗನಿಗೆ ನೀರು ಬಗ್ಗಿಸಲು ಹೋಗಿ ಲೋಟ ಹುಡುಕಿದಳು.

“ಹೊಸಬಳು ಅಂತ ಸೇರಿಸ್ಕೊಂಡ್ರು” ಎಂದಳು ಕೊನೆಗೆ. “ಬಾಯ್ಲರ್ ಪಕ್ಕದ ಮೇಜು ಕೊಟ್ರು. ನಾನು ಕೆಲಸ ಕಲಿಸಿದ ಹುಡುಗೀನೇ ನನಗೆ ಕೆಲಸ ಹೇಳ್ತಿದ್ಲು. ಒಂದು ಸಲ ದಿಂಬಿನ ಚೀಲ ಸರಿಯಾಗಿ ಮಡಿಸಕ್ಕೆ ಬರಲ್ವಾ ಅಂದ್ಲು. ನನಗೆ!”

ಮಗ ಕೈ ತೊಳೆಯದೆ ಕುಳಿತೇ ಇದ್ದ.

“ಡಾಕ್ಟರ್ ಹತ್ರ ಒಂದು ಚೀಟಿ ಬರೆಸಿ ಕೊಡ್ತೀನಿ” ಎಂದಳು ನರ್ಸಮ್ಮ. “ಒಪ್ಪಲಿಲ್ಲ ಅಂದ್ರೆ ಕಾರ್ಮಿಕರ ಕಚೇರಿಗೆ ಹೋಗೋದು.”

“ನಾನು ಕರ್ಕೊಂಡು ಹೋಗ್ತೀನಿ” ಎಂದ ಮಗ. ಈ ಸಲ ಹೆಂಡತಿ ಸುಮ್ಮನಿರಿ ಎನ್ನಲಿಲ್ಲ.

ಸೋಮವಾರ ಮ್ಯಾನೇಜರು ಹೊಸ ಹುಡುಗಿಯನ್ನು ಕರೆದುಕೊಂಡು ಇಸ್ತ್ರಿ ಕೋಣೆಗೆ ಬಂದ. ಏನು ಕೇಳಿದರೂ ‘ಆಮೇಲೆ ನೋಡೋಣ’ ಎನ್ನುವ ಅವನಿಗೆ ಹೆಂಗಸರು ಆಮೇಲಪ್ಪ ಎಂದು ಹೆಸರಿಟ್ಟಿದ್ದರು.

“ಏನಮ್ಮ ಹಿರಿಯಕ್ಕ, ಏಪ್ರನ್ ಎಲ್ಲಿ?”

“ಅವಳ ಸೊಂಟದಲ್ಲೇ ಇದೆಯಲ್ಲ ಸಾರ್, ಕಾಣಿಸಲ್ವಾ?”

“ಇಸ್ಕೊಳ್ಳಿ ಮತ್ತೆ.”

“ನಾನು ಇಸ್ಕೊಳ್ಳಲ್ಲ. ಇವಳನ್ನ ಕೆಲಸದಿಂದ ತೆಗೀತಿದೀನಿ ಅಂತ ನೀವೇ ಬಾಯಿಬಿಟ್ಟು ಹೇಳಿ. ಯಾಕೆ ಅಂತಾನೂ ಹೇಳಿ. ಎಲ್ಲರೂ ಕೇಳಿಸ್ಕೊಳ್ಲಿ.”

ಮೇಜುಗಳ ಮೇಲೆ ಇಸ್ತ್ರಿಗಳು ಒಂದೊಂದಾಗಿ ನಿಂತವು.

“ನಾನೆಲ್ಲಮ್ಮ ತೆಗೀತೀನಿ ಅಂದೆ? ಅವರಾಗಿ ಅವರೇ...”

“ನಾನು ಹೋಗ್ತಿಲ್ಲ ಸಾರ್” ಎಂದಳು ಸೊಸೆ. “ಇದು ಡಾಕ್ಟರ್ ಚೀಟಿ. ಮಡಿಸೋ ಮೇಜಿಗೆ ಹಾಕಿ, ಕೂತು ಮಾಡ್ತೀನಿ. ಈ ಹುಡುಗಿ ನಾನು ವಾಪಸ್ ಬರೋವರೆಗೆ ಇಲ್ಲಿ ಇಸ್ತ್ರಿ ಹಾಕಲಿ, ನಾನೇ ಕಲಿಸಿ ಕೊಡ್ತೀನಿ. ಹೆರಿಗೆ ರಜೆ ಮುಗಿಸಿ ಬಂದಾಗ ನನ್ನ ಜಾಗ ನನಗೆ ಬೇಕು.”

ಆಮೇಲಪ್ಪ ಚೀಟಿ ನೋಡಿದ, ಅತ್ತೆಯ ಮುಖ ನೋಡಿದ.

“ಇದನ್ನ ಆಮೇಲೆ...”

“ಈಗಲೇ” ಎಂದರು ಹಿಂದಿನ ಮೇಜಿನವರು.

“ಇರಿ, ಯಜಮಾನರನ್ನ ಕೇಳ್ಕೊಂಡು ಬಂದೆ” ಎಂದು ಅವನು ಹೊರಗೆ ಹೋದ. ಸೊಸೆ ಒಂದು ಸ್ಟೂಲು ಎಳೆದುಕೊಂಡು ಮಡಿಸುವ ಮೇಜಿನ ಮುಂದೆ ಕುಳಿತಳು. ಊಟದ ಹೊತ್ತಾಯಿತು, ಸಂಜೆಯಾಯಿತು. ಆಮೇಲಪ್ಪ ಇಸ್ತ್ರಿ ಕೋಣೆಗೆ ತಿರುಗಿ ಬರಲಿಲ್ಲ.

ಅಕ್ಕ ತಂಗಿಯರೇ, ಬಸುರಾಗುವುದು ತಪ್ಪು ಕೆಲಸವಲ್ಲ, ತಲೆ ತಗ್ಗಿಸಿ ಜಾಗ ಖಾಲಿ ಮಾಡಬೇಡಿ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ನೀವು ಮಾಡುವ ಕೆಲಸಕ್ಕೆ ಯಾವ ನಿಯಮ, ಎಷ್ಟು ರಜೆ ಎಂದು ಕಾರ್ಮಿಕರ ಕಚೇರಿಯಲ್ಲಿ ವಿಚಾರಿಸಿ. ಒಬ್ಬಳೇ ಹೋಗಲು ಅಳುಕಾದರೆ ಅತ್ತೆಯನ್ನು ಕರೆದುಕೊಂಡು ಹೋಗಿ. ಅತ್ತೆಯರೇ, ಕರೆದಾಗ ಮಂಡಿ ನೋವು ಅನ್ನದೆ ಎದ್ದು ಹೊರಡಿ.