ಜಯರಾಮ ಮೇಷ್ಟ್ರ ಬಲಗೈ

ತಮಿಳು ಸೀಮೆಯ ಅಂಬತ್ತೂರಿನ ವೆಲ್ಡಿಂಗ್ ತರಬೇತಿ ಕೇಂದ್ರದಲ್ಲಿ ಜಯರಾಮ ಮೇಷ್ಟ್ರು ಇಪ್ಪತ್ತೊಂದು ವರ್ಷ ಪಾಠ ಹೇಳಿದ್ದರು. ಅವರು ಹಾಕಿದ ಬೆಸುಗೆ ಬಿಗಿಯಾಗಿ ಹೆಣೆದ ಜಡೆಯ ಹಾಗೆ ಕಾಣುತ್ತಿತ್ತು. ಅವರಿಗಿದ್ದ ಕೊರಗು ಒಂದೇ: ವಿದ್ಯಾರ್ಥಿಗಳಿಗೆ ದಿನಕ್ಕೆ ಸಿಗುತ್ತಿದ್ದದ್ದು ಮೂರೇ ಬೆಸುಗೆ ರಾಡು. ಕೈ ಹದಕ್ಕೆ ಬರುವಷ್ಟರಲ್ಲಿ ಕೋರ್ಸೇ ಮುಗಿದುಹೋಗುತ್ತಿತ್ತು.

ಆದ್ದರಿಂದ ೨೦೦೬ರಲ್ಲಿ ಕ್ರೋಂಪೇಟೆಯಿಂದ ಸುಮೇಧಾ ಎಂಬ ಇಂಜಿನಿಯರ್ ಹುಡುಗಿ ವೆಲ್ಡಿಂಗ್ ಕಲಿಸುವ ಕಂಪ್ಯೂಟರೊಂದನ್ನು ತಂದಿಳಿಸಿದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಮೇಷ್ಟ್ರೇ. ಹೆಲ್ಮೆಟ್ಟಿನೊಳಗೆ ಪುಟ್ಟ ಪರದೆ. ಕೈಯಲ್ಲಿ ರಾಡು ಹಿಡಿಯುವಂಥದ್ದೇ, ಆದರೆ ಬೆಂಕಿಯಿಲ್ಲದ ಹೋಲ್ಡರ್. ಪರದೆಯಲ್ಲಿ ಕಬ್ಬಿಣ ಕರಗುತ್ತದೆ. ಹಸಿರು ಗೀಟಿನ ಮೇಲೆ ಕೈ ಸಾಗಬೇಕು. ತಪ್ಪಿದರೆ ಯಂತ್ರ ಕೂಗುತ್ತದೆ. ಹೊಗೆಯಿಲ್ಲ, ರಾಡಿನ ಖರ್ಚಿಲ್ಲ, ನೂರು ಸಲ ಕಲಿಯಬಹುದು.

"ಆ ಗೀಟಿಗೆ ನಿಮ್ಮ ಕೈನೇ ಬೇಕು ಸಾರ್," ಎಂದಳು ಸುಮೇಧಾ. "ನೀವು ಒಂದ್ಸಲ ಎಳೆದುಕೊಟ್ರೆ ಮೆಷಿನ್ ಹಾಗೇ ಹಿಡ್ಕೊಳ್ಳತ್ತೆ. ಮುಂದೆ ಬರೋರೆಲ್ಲ ಅದರ ಮೇಲೇ ಕಲೀತಾರೆ."

ಸಂಜೆ ಹೆಂಡತಿ ಅಂಬುಜಮ್ಮನಿಗೆ ಹೇಳಿದರು. ಆಕೆಯ ಮುಖ ಅರಳಿತು. "ಹಂಗಾದ್ರೆ ನೀವು ರಿಟೈರ್ ಆದ್ಮೇಲೂ ನಿಮ್ಮ ಕೈ ಅಲ್ಲೇ ಪಾಠ ಹೇಳ್ತಿರತ್ತೆ ಅನ್ನಿ!"

ಮೇಷ್ಟ್ರು ನಕ್ಕರು. ಎಂಟು ತಿಂಗಳಿಂದ ಬಲಗೈ ನಡುಗುತ್ತಿರುವುದನ್ನು ಅವರು ಯಾರಿಗೂ ಹೇಳಿರಲಿಲ್ಲ. ಕಾಫಿ ಲೋಟ ಎಡಗೈಗೆ ಬಂದಿತ್ತು. ತರಗತಿಯಲ್ಲಿ ಮಾಡಿ ತೋರಿಸುವ ಕೆಲಸವನ್ನು ಹಿರಿಯ ವಿದ್ಯಾರ್ಥಿನಿ ಮಧುರಾಳಿಗೆ ವಹಿಸಿದ್ದರು.

ಮರುದಿನ ಉಸಿರು ಬಿಗಿಹಿಡಿದು ಎಳೆದರು. ಪರದೆಯ ಮೇಲೆ ಗೀಟು ಎರೆಹುಳುವಿನಂತೆ ಹೊರಳಿತು. ಇನ್ನೊಮ್ಮೆ ಎಳೆದರು, ಮತ್ತೊಮ್ಮೆ ಎಳೆದರು.

"ಎಲ್ಲೋ ವೈರ್ ಸಡಿಲ ಆಗಿರ್ಬೇಕು ನೋಡಮ್ಮ."

ಸುಮೇಧಾ ವೈರುಗಳನ್ನೆಲ್ಲ ನೋಡಿದಳು. ಪರೀಕ್ಷೆಗೆಂದು ಹೋಲ್ಡರನ್ನು ಮಧುರಾಳ ಕೈಗೆ ಕೊಟ್ಟಳು. ಗೀಟು ನೂಲಿನಂತೆ ನೆಟ್ಟಗೆ ಬಂತು. ಸುಮೇಧಾ ಎಲ್ಲರನ್ನೂ ಟೀ ಕುಡಿಯಲು ಕಳಿಸಿ, ಸ್ಟೂಲು ಎಳೆದುಕೊಂಡು ಅವರ ಪಕ್ಕ ಕುಳಿತಳು.

"ನಮ್ಮ ತಾತಂಗೂ ಹೀಗೇ ಶುರುವಾಗಿತ್ತು ಸಾರ್. ಡಾಕ್ಟರ್‌ಗೆ ತೋರಿಸಿದ್ರಾ?"

"ತೋರಿಸ್ದೆ. ನರದ್ದಂತೆ. ಇನ್ನೂ ಜಾಸ್ತಿಯಾಗ್ತದಂತೆ." ಮೇಷ್ಟ್ರು ಅವಳತ್ತ ತಿರುಗಿದರು. "ಒಂದು ವರ್ಷ ಮೊದಲೇ ಬರಬಾರದಾಗಿತ್ತಾ ತಾಯಿ ನೀನು?"

ಅವಳು ತಲೆ ತಗ್ಗಿಸಿದಳು. "ನಡುಕಾನ ಕಂಪ್ಯೂಟರಲ್ಲೇ ಅಳಿಸಿಬಿಡಬಹುದು ಸಾರ್. ಹೆಸರು ನಿಮ್ದೇ ಇರತ್ತೆ. ಯಾರಿಗೂ ತಿಳಿಯಲ್ಲ," ಎಂದಳು.

ಮೇಷ್ಟ್ರು ತಮ್ಮ ಕೈಯನ್ನು ನೋಡಿಕೊಂಡರು. ಒಪ್ಪಿಬಿಡು ಎಂದು ಮನಸ್ಸು ಅಂಗಲಾಚುತ್ತಿತ್ತು.

"ಬೇಡ," ಎಂದರು ಕೊನೆಗೆ. "ಹುಡುಗರು ಸುಳ್ಳು ಗೀಟಿನ ಮೇಲೆ ಕಲೀಬಾರ್ದು. ಮಧುರಾನ ಕರಿ."

ಮಧುರಾಳ ಮನೆಮಾತು ಕನ್ನಡವಾದರೂ ಬಾಯಿಗೆ ಬರುತ್ತಿದ್ದದ್ದು ತಮಿಳು. "ಎನ್ನಾಲೆ ಮುಡಿಯಾದು ಸಾರ್," ತನ್ನಿಂದ ಸಾಧ್ಯವೇ ಇಲ್ಲವೆಂದು ಅತ್ತಳು. ಮೇಷ್ಟ್ರು ಗದರಿ ಕೂರಿಸಿದರು. ಎರಡು ದಿನ ಪಕ್ಕದಲ್ಲೇ ಕುಳಿತು, "ನಿಧಾನ... ಈಗ ವಾಲಿಸು... ಅವಸರ ಮಾಡ್ಬೇಡ," ಎನ್ನುತ್ತ, ತಮ್ಮ ಕೈ ಬಲ್ಲದ್ದನ್ನೆಲ್ಲ ಬಾಯಲ್ಲಿ ಹೇಳಿಕೊಟ್ಟರು. ಹತ್ತೊಂಬತ್ತನೆಯ ಸಲ ಎಳೆದದ್ದು ಅವರಿಗೆ ಒಪ್ಪಿಗೆಯಾಯಿತು. ಯಂತ್ರದಲ್ಲಿ ಅವಳ ಹೆಸರು ಸೇರಿತು. ಆ ಸಂಜೆ ಅಂಬುಜಮ್ಮನಿಗೆ ಎಲ್ಲವನ್ನೂ ಹೇಳಿದರು. ಆಕೆ ಅವರ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಹೊಸ ತಂಡ ಎರಡು ತಿಂಗಳ ಪಾಠವನ್ನು ಮೂರು ವಾರದಲ್ಲಿ ಕಲಿಯಿತು. ಮೇಷ್ಟ್ರು ರಾಜೀನಾಮೆ ಬರೆದರು.

ಕೊನೆಯ ದಿನ ಎಲ್ಲರೂ ಊಟಕ್ಕೆ ಹೋದಾಗ ಅವರು ಹೆಲ್ಮೆಟ್ ಹಾಕಿಕೊಂಡರು. ಕಣ್ಣೆದುರು ಹಸಿರು ಗೀಟು ಹೊರಟಿತು. ಅದರ ವೇಗ, ಅದರ ವಾಲು, ತಿರುವಿನಲ್ಲಿ ಅದು ತಡೆದು ಸಾಗುವ ರೀತಿ ಎಲ್ಲವೂ ಅವರದ್ದೇ. ಅದನ್ನು ಹಿಂಬಾಲಿಸಲು ಕೈಗೆ ಮಾತ್ರ ಆಗಲಿಲ್ಲ. ಯಂತ್ರ ಹೆಜ್ಜೆಹೆಜ್ಜೆಗೂ ಕೂಗಿತು.

"ಸಾರ್?" ಬಾಗಿಲಲ್ಲಿ ಮಧುರಾ ನಿಂತಿದ್ದಳು.

ಮೇಷ್ಟ್ರು ಹೆಲ್ಮೆಟ್ ತೆಗೆಯಲಿಲ್ಲ. "ಇರಮ್ಮ, ಸ್ವಲ್ಪ ಹೊತ್ತು," ಎಂದರು. ದನಿ ಒಡೆದಿತ್ತು.

ಅವಳು ಒಳಗೆ ಬಂದು ಯಂತ್ರದ ಸದ್ದನ್ನು ಆರಿಸಿ, ಹೊರಗೆ ಹೋಗಿ ಬಾಗಿಲು ಮುಂದೆ ಎಳೆದುಕೊಂಡಳು.