ಕ್ಯಾರಿಯರ್‌ನ ಮೇಲಿನ ಡಬ್ಬಿ

ಎತ್ತು ಏರಿಗೆ, ಕೋಣ ನೀರಿಗೆ ಎಂದು ಯಾರಾದರೂ ಅಂದರೆ ಠಾಣೆಯವರು ಕಿಟಕಿಯತ್ತ ನೋಡುತ್ತಿದ್ದರು, ಇವರಿಬ್ಬರ ಜೀಪು ಬಂತೇನೋ ಎಂದು. ಇನ್ಸ್‌ಪೆಕ್ಟರಮ್ಮ ನಿಯಮದ ಗೆರೆ ದಾಟಿದವಳಲ್ಲ. ಜೊತೆಗಾರ ದಫೇದಾರನಿಗೋ ಗೆರೆ ಎಲ್ಲಿದೆ ಎಂಬುದೇ ಗೊತ್ತಿರಲಿಲ್ಲ. ಅವನ ಪಿಸ್ತೂಲು ಸೊಂಟದಲ್ಲಿದ್ದರೆ ಅದರ ಗುಂಡುಗಳು ಊಟದ ಕ್ಯಾರಿಯರ್‌ನ ಮೇಲಿನ ಡಬ್ಬಿಯಲ್ಲಿ!

"ಅವಸರಕ್ಕೆ ಏನ್ರೀ ಮಾಡ್ತೀರಾ?" ಎಂದು ಅವಳು ದಿನವೂ ಬಯ್ಯುವಳು.

"ಕೋಪ ಬಂದ್ರೆ ಡಬ್ಬಿ ತೆಗೀಬೇಕು ತಾಯಿ. ತೆಗೆದ್ರೆ ಊಟ ಕಾಣುತ್ತೆ. ಊಟ ಕಂಡ್ಮೇಲೆ ಕೋಪ ಎಲ್ಲಿರುತ್ತೆ?"

ಆ ದಿನಗಳಲ್ಲಿ ಆಕಾಶದಿಂದ ಬಿದ್ದ ಜೀವವೊಂದು ಊರಿನವರ ಮೈ ಹೊಕ್ಕು, ಜ್ವರದಲ್ಲಿ ಬೇಯಿಸಿ ಕೊಂದು, ಇನ್ನೊಬ್ಬರಿಗೆ ಹಾರುತ್ತಿತ್ತು. ಅದು ಹೊಕ್ಕವರನ್ನು ಕಂಡಲ್ಲಿ ಗುಂಡಿಕ್ಕಿ ಎಂದು ಆದೇಶ. ಒಂದು ಮಧ್ಯಾಹ್ನ ಅದು ಒಬ್ಬ ಬೇಕರಿಯವನೊಳಗೆ ಕೂತು ಓಡಿತು. ಇವರಿಬ್ಬರೂ ಬೆನ್ನಟ್ಟಿ ಐಸ್ ಫ್ಯಾಕ್ಟರಿಗೆ ನುಗ್ಗಿದರು. ಬೇಕರಿಯವನು ಜಾರಿ ಮಂಜುಗಡ್ಡೆಗಳ ಮೇಲೆ ಅಂಗಾತ ಬಿದ್ದ. ಬೆನ್ನಿಗೆ ಚಳಿ ತಾಗಿದ್ದೇ ತಡ, ಅವನ ಕಿವಿಯಿಂದ ಬೆಳಕಿನ ಎಳೆಯೊಂದು ಚಿಮ್ಮಿ, ಪಕ್ಕದಲ್ಲಿದ್ದ ದಫೇದಾರನ ಕಿವಿ ಹೊಕ್ಕಿತು. ಬೇಕರಿಯವನು ಕೆಮ್ಮುತ್ತ ಎದ್ದು ಕೂತ.

ದಫೇದಾರ ಅವಳತ್ತ ತಿರುಗಿದ. ಆ ನೋಟ ಅವನದಾಗಿರಲಿಲ್ಲ. ಸೊಂಟದ ಪಿಸ್ತೂಲು ತೆಗೆದು ಅವಳ ಹಣೆಗೆ ಗುರಿಯಿಟ್ಟು ಟ್ರಿಗರ್ ಎಳೆದ.

ಟಕ್. ಟಕ್.

ಡಬ್ಬಿ ಜೀಪಿನಲ್ಲಿತ್ತು.

ಅವಳ ಪಿಸ್ತೂಲಿನಲ್ಲಿ ಗುಂಡು ತುಂಬಿತ್ತು, ಆದೇಶವೂ ನೆನಪಿತ್ತು. ಆದರೆ ಇವನಿಗೆ ಗುಂಡು ಹೊಡೆಯುವುದು ತನ್ನಿಂದಾಗದು ಎಂದು ಅವಳಿಗೆ ಆಗಲೇ ತಿಳಿದದ್ದು. ಚಳಿ ತಾಗಿದರೆ ಇದು ಹೊರಬರುತ್ತದೆ, ಬಂದರೆ ಬೆಚ್ಚಗಿನ ಮೈ ಹುಡುಕುತ್ತದೆ. ಹಾಗಾದರೆ ಬೆಚ್ಚಗಿನ ಮೈಯೇ ಇರಬಾರದು. "ಆಚೆ ಓಡ್ರೀ!" ಎಂದು ಬೇಕರಿಯವನನ್ನು ಗದರಿ, ಪಿಸ್ತೂಲು ಎಸೆದು, ದಫೇದಾರನ ಆ ಭಾರೀ ಮೈಯನ್ನು ತಬ್ಬಿಕೊಂಡೇ ಕೊರೆಯುವ ನೀರಿನ ತೊಟ್ಟಿಗೆ ಬಿದ್ದಳು.

ತಲೆ ಮೇಲೆತ್ತಿದಾಗ ಆ ಬೆಳಕಿನ ಎಳೆ ಅವನಿಂದ ಹೊರಬಂದು ಗಾಳಿಯಲ್ಲಿ ತೂಗುತ್ತಿತ್ತು. ಅವಳ ಕೆನ್ನೆ ಮುಟ್ಟಿ, ತಣ್ಣಗಿದ್ದದ್ದು ಕಂಡು ಹಿಂದೆ ಸರಿಯಿತು. ಆಮೇಲೆ ಬಿಚ್ಚಿಕೊಂಡಿತು. ಗೋಡೆಯ ಮೇಲೆ, ಸೂರಿನ ಮೇಲೆ, ಒಂದೊಂದು ಮಂಜುಗಡ್ಡೆಯೊಳಗೂ ಅವಳೆಂದೂ ಕಾಣದ ಆಕಾಶ ಹರಡಿತು. ಅಲ್ಲಿ ಮೂವರು ಸೂರ್ಯರು, ಅವರ ನಡುವೆ ಇಂಥವೇ ಕೋಟಿ ಎಳೆಗಳು ಒಂದನ್ನೊಂದು ತಬ್ಬಿಕೊಂಡು ಹೊಳೆಯಂತೆ ಹರಿಯುತ್ತಿದ್ದವು. ಆ ಹೊಳೆಯಿಂದ ಕಳಚಿ ಬಿದ್ದ ಒಂದೆಳೆ ಇದು. ಹಲ್ಲು ಕಟಕಟ ಎನ್ನುತ್ತಿದ್ದರೂ ಅವಳಿಗೆ ಕಣ್ಣು ಮಿಟುಕಿಸಲು ಮನಸ್ಸಾಗಲಿಲ್ಲ. ಇಷ್ಟು ಜನರನ್ನು ಕೊಂದ ಜೀವ ಇಷ್ಟು ಚೆಂದವಿರಬಹುದೇ ಎಂದು ಅಳು ಬಂತು. ಬೆಚ್ಚಗಿನ ಮೈ ಸಿಗದೆ ಆ ಬೆಳಕು ಮೆಲ್ಲಗೆ ಆರಿಹೋಯಿತು.

"ತಾಯಿ," ದಫೇದಾರ ನಡುಗುತ್ತ ಕೇಳಿದ, "ನಾನು ನಿಮ್ಗೆ ಗುಂಡು ಹೊಡೆದ್ನಾ?"

"ಹೊಡೆದ್ರಿ. ಎರಡ್ಸಲ."

ಅವನು ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತ.

ಮರುದಿನ ಬೆಳಿಗ್ಗೆ ಜೀಪು ಹತ್ತುವ ಮುಂಚೆ ಅವಳು ತನ್ನ ಪಿಸ್ತೂಲಿನ ಗುಂಡುಗಳನ್ನು ಒಂದೊಂದಾಗಿ ತೆಗೆದು, ಅವನ ಕ್ಯಾರಿಯರ್ ಬಿಚ್ಚಿ, "ಸ್ವಲ್ಪ ಜಾಗ ಮಾಡಿ ಅಣ್ಣಾ" ಎಂದಳು.