ದೇವರ ಒಂದಾಣೆ

"ನಿಮ್ಮ ಟೀಚರ್ ದೇವರ ಆಣಿ ಕಸಗೊಂಡಾಳ, ಮಾಸ್ತರ."

ಶಾಲಾ ಸಮಿತಿಯ ಅಧ್ಯಕ್ಷ ಸಂಗಮನಾಥ ಈ ಮಾತನ್ನು ತನ್ನ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಬೀಡಿ ಕೊಳ್ಳಲು ಬಂದವರಿಗೂ ಕೇಳುವಂತೆ ಹೇಳಿದ. ಹೆಡ್‌ಮಾಸ್ತರ ಜಗದೇವಪ್ಪ ಚಪ್ಪಲಿ ಬಿಡುವುದೋ ಬೇಡವೋ ಎಂದು ತಿಳಿಯದೆ ಮೆಟ್ಟಿಲ ಮೇಲೆಯೇ ನಿಂತಿದ್ದ.

"ಹಂಗಲ್ಲ ಸಂಗಣ್ಣ, ಅದು ಲೆಕ್ಕದ ಮಾತು..."

"ಲೆಕ್ಕನೋ ಪಕ್ಕನೋ. ನನ್ನ ಮಗಳು ಮನಿಗಿ ಬಂದು, ದೇವರಿಗೆ ಉಳಿಸಿ ಕೊಡಂಗಿಲ್ಲಂತ ಟೀಚರ್ ಹೇಳ್ಯಾರ ಅಂದಳು. ನಮ್ಮವ್ವ ಉಂಡಿಲ್ಲ. ಅಕಿ ಬುದ್ಧನ್ನ ನಂಬತಾಳಂತ, ನಂಬಲಿ, ನಾ ಬ್ಯಾಡ ಅಂದೀನೇನು? ನಮ್ಮ ಹುಡುಗರಿಗೆ ಯಾಕ ಹಚ್ಚತಾಳ? ನಾಳಿ ನಾ ಸಾಲಿಗೆ ಬರ್ತೀನಿ. ಐದನೇ ಕ್ಲಾಸಿನ ಲೆಕ್ಕ ಅಕಿ ಕೈಯಾಗ ಇರಬಾರದು."

ಜಗದೇವಪ್ಪ ತಲೆಯಾಡಿಸಿ ಬಂದುಬಿಟ್ಟ. ತಲೆಯಾಡಿಸುವುದರಲ್ಲಿ ಅವನಿಗೆ ಒಳ್ಳೆಯ ಅಭ್ಯಾಸವಿತ್ತು. ಆ ಟೀಚರ್, ಪಂಚಶೀಲಾ, ಅತಿಥಿ ಶಿಕ್ಷಕಿ. ಪ್ರತಿ ವರ್ಷ ಸಮಿತಿ ಒಪ್ಪಿದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಲೆಕ್ಕ ಕಸಿದುಕೊಂಡರೆ ಮುಂದಿನ ವರ್ಷ ಅವಳನ್ನೇ ಕಳಿಸುವುದು ಸುಲಭ. ಇದು ಸಂಗಮನಾಥನಿಗೂ ಗೊತ್ತು, ಜಗದೇವಪ್ಪನಿಗೂ ಗೊತ್ತು.

ಆದರೆ ಅವಳು ನಿಜವಾಗಿ ಏನು ಹೇಳಿದ್ದಳು ಎಂಬುದು ಅವನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಶಹಾಪುರದಿಂದ ಶಿರವಾಳದ ಕಡೆಗಿರುವ ಆ ಊರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೂ ಐದನೇ ಕ್ಲಾಸಿಗೂ ನಡುವೆ ಇರುವುದು ಒಂದೇ ಗೋಡೆ. ಅದೂ ಮೇಲಿನ ತಗಡಿನವರೆಗೆ ಹೋಗಿಲ್ಲ. ಈಚೆ ನಾಲ್ಕನೇ ಕ್ಲಾಸು ನಡೆಸುವ ಜಗದೇವಪ್ಪನಿಗೆ ಆಚೆಯದು ಬೇಡವೆಂದರೂ ಕೇಳುತ್ತಿತ್ತು. ಇತ್ತೀಚೆಗೆ ಬೇಕೆಂದೇ ಕೇಳುತ್ತಿದ್ದ.

ಭಿನ್ನರಾಶಿ ಎಂದರೆ ಅವನಿಗೆ ಕತ್ತರಿ ಲೆಕ್ಕ. ಎರಡು ಭಿನ್ನರಾಶಿ ಬರೆದು, ಮೇಲಿನದರಿಂದ ಕೆಳಗಿನದಕ್ಕೆ ಎರಡು ಗೆರೆ ಅಡ್ಡಡ್ಡ ಎಳೆದರೆ ಕತ್ತರಿಯಂತೆ ಕಾಣುತ್ತದೆ. ಗುಣಿಸು, ಕೂಡಿಸು, ಕೆಳಗಿನವೆರಡನ್ನೂ ಗುಣಿಸಿ ಕೆಳಗೆ ಬರೆ. ಯಾಕೆ ಎಂದು ಯಾವ ಹುಡುಗನೂ ಕೇಳಿರಲಿಲ್ಲ; ಕೇಳಿದ್ದರೆ ಅವನಿಗೂ ತಕ್ಷಣ ಹೇಳಲು ಬರುತ್ತಿರಲಿಲ್ಲ. ಪರೀಕ್ಷೆಯ ದಿನದವರೆಗೆ ಕತ್ತರಿ ನೆನಪಿರುತ್ತಿತ್ತು. ಬೇಸಿಗೆ ರಜೆ ಮುಗಿಸಿ ಬರುವಷ್ಟರಲ್ಲಿ ಎಲ್ಲರ ಕತ್ತರಿಯೂ ಕಳೆದಿರುತ್ತಿತ್ತು. ಈ ಮಕ್ಕಳಿಗೆ ತಲೆ ಇಲ್ಲ ಎಂದು ಅವನು ಯಾವಾಗಲೋ ತೀರ್ಮಾನಿಸಿದ್ದ. ಹಾಗೆ ತೀರ್ಮಾನಿಸಿದರೆ ಸಂಬಳ ತೆಗೆದುಕೊಳ್ಳುವುದು ಹಗುರವಾಗುತ್ತದೆ.

ಸುರಪುರದಿಂದ ಬಸ್ಸು ಹಿಡಿದು, ಶಹಾಪುರದಲ್ಲಿ ಇಳಿದು, ಟಂಟಂ ಆಟೋದಲ್ಲಿ ಜೋತುಬಿದ್ದು ಬರುವ ಪಂಚಶೀಲಾ ಮೊದಲ ದಿನ ಬೋರ್ಡಿನ ಮೇಲೆ ಅರ್ಧಕ್ಕೆ ಕಾಲು ಕೂಡಿಸಲು ಕೊಟ್ಟಳು. ಇಡೀ ಕ್ಲಾಸು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ "ಆರರಾಗ ಎರಡು" ಎಂದಿತು. ಗೋಡೆಯಾಚೆ ಜಗದೇವಪ್ಪ ಮುಸಿಮುಸಿ ನಕ್ಕ.

ಪಂಚಶೀಲಾ ಬೈಯಲಿಲ್ಲ. ಕಿಟಕಿಯಾಚೆಯ ಹೊಲ ನೋಡಿ, "ಯಂಕಮ್ಮ, ನಿಮ್ಮ ಹತ್ತಿ ಹೆಂಗದ ಈ ಸಲ?" ಎಂದು ಕೇಳಿದಳು.

"ಹನ್ನೆರಡಾಣಿ ಅದ್ರಿ ಟೀಚರ್."

"ನಮ್ದು ಎಂಟಾಣಿನೇ ರೀ. ಹುಳ ಹೊಡದದ," ಎಂದ ಸೊಹೇಲ್.

ಆ ಮಕ್ಕಳಲ್ಲಿ ಒಬ್ಬರೂ ರೂಪಾಯಿಗೆ ಹದಿನಾರು ಬರುತ್ತಿದ್ದ ಹಳೆಯ ಆಣೆಯನ್ನು ಕಣ್ಣಿಂದ ಕಂಡವರಲ್ಲ. ಅವರಪ್ಪಂದಿರೂ ಕಂಡವರಲ್ಲ. ಆದರೂ ಊರಲ್ಲಿ ಬೆಳೆ, ಮೋಡ, ಪಾಲು ಎಲ್ಲವನ್ನೂ ಅಳೆಯುವುದು ಆಣೆಯಲ್ಲೇ. ತುಂಬಿದ ಬೆಳೆ ಹದಿನಾರಾಣೆ, ಅರ್ಧ ಬೆಳೆ ಎಂಟಾಣೆ.

"ಸೊಹೇಲನ ಎಂಟಾಣಿ ಬೆಳಿಗಿ ಇನ್ನ ನಾಕಾಣಿ ಸೇರಿದ್ರ?"

"ಹನ್ನೆರಡಾಣಿ!" ತಗಡು ಗಣ್ಣೆಂದಿತು.

"ಎಂಟಾಣಿ ಅಂದ್ರ ಅರ್ಧ, ನಾಕಾಣಿ ಅಂದ್ರ ಕಾಲು. ಎರಡೂ ಕೂಡಿದ್ರ ಹದಿನಾರರಾಗ ಹನ್ನೆರಡು. ನೀವು ಆರರಾಗ ಎರಡು ಅಂದ್ರಿ. ಅದು ಅರ್ಧಕ್ಕಿಂತ ಕಮ್ಮಿ. ಸೊಹೇಲನ ಬೆಳಿ ಬೆಳೀಲಿಲ್ಲ, ಇದ್ದದ್ದೂ ಹೋತು."

"ಆ ಲೆಕ್ಕದಾಗೂ ಹುಳ ಬಿದ್ದದ ರೀ!" ಎಂದ ಸೊಹೇಲ್. ಕ್ಲಾಸು ತನ್ನ ತಪ್ಪಿಗೆ ತಾನೇ ನಕ್ಕಿತು. ಜಗದೇವಪ್ಪನ ನಗು ಅಲ್ಲಿಗೆ ನಿಂತಿತು. ಅವನ ಕೈಯಲ್ಲಿದ್ದ ಸೀಮೆಸುಣ್ಣ ಬೋರ್ಡಿಗೆ ತಾಗಿಕೊಂಡೇ ಇತ್ತು. ನಾಲ್ಕನೇ ಕ್ಲಾಸಿನ ಹುಡುಗರು ಸರ್‌ಗೆ ಏನಾಯಿತೆಂದು ನೋಡುತ್ತಿದ್ದರು.

ತೊಡಕು ಬಂದದ್ದು ಮೂರನೇ ಒಂದು ಪಾಲು ಬಂದಾಗ. ಹದಿನಾರಾಣೆಯನ್ನು ಮೂವರಿಗೆ ಹಂಚಿ ಎಂದಳು ಪಂಚಶೀಲಾ. ಸಂಗಮನಾಥನ ಮಗಳು ಸೌಭಾಗ್ಯ ತಡಮಾಡಲಿಲ್ಲ. "ಐದೈದಾಣಿ ರೀ. ಒಂದಾಣಿ ದೇವರಿಗೆ."

ಕ್ಲಾಸಿನಲ್ಲಿ ಯಾರಿಗೂ ಇದು ತಪ್ಪೆನಿಸಲಿಲ್ಲ. ಆ ಊರಲ್ಲಿ ರಾಶಿ ಪಾಲು ಮಾಡುವಾಗ ಸರಿಹೊಂದದೆ ಉಳಿದದ್ದು ಊರ ಮಠಕ್ಕೆ ಹೋಗುತ್ತದೆ. ಅದಕ್ಕೆ ಯಾರೂ ಜಗಳವಾಡುವುದಿಲ್ಲ. ಜಗದೇವಪ್ಪನಿಗೂ ಕ್ಷಣಕಾಲ ಉತ್ತರ ಸರಿಯೆನ್ನಿಸಿ, ಆಮೇಲೆ ನಾಚಿಕೆಯಾಯಿತು.

"ದೇವರಿಗೆ ಕೊಡ್ರಿ," ಎಂದಳು ಪಂಚಶೀಲಾ. "ಆದ್ರ ಅವನನ್ನೂ ಮೊದ್ಲೇ ಎಣಿಸ್ರಿ. ಮೂರು ಮಂದಿ ಅಲ್ಲ, ನಾಕು ಮಂದಿ ಅಂತ ಹೇಳ್ರಿ, ಅವನಿಗೂ ನಾಕಾಣಿ ಬರ್ತದ. ಹಂಚಾಕ ಬರಲಾರದ್ದಕ್ಕ ಉಳಿಸಿ, ಅದನ್ನ ದೇವರಿಗೆ ಅನ್ನಂಗಿಲ್ಲ."

ಸೌಭಾಗ್ಯ ಮನೆಗೆ ಒಯ್ದದ್ದು ಈ ಮಾತಿನ ಬಾಲವನ್ನಷ್ಟೇ.

ಆ ದಿನ ಅದರ ನಂತರ ನಡೆದದ್ದನ್ನು ಯಾರೂ ಮನೆಗೆ ಒಯ್ಯಲಿಲ್ಲ. ಮೂವರೇ ಇದ್ದರೆ ಏನು ಮಾಡುವುದು ಎಂದು ಪಂಚಶೀಲಾ ಕೇಳಿ ಸುಮ್ಮನೆ ಕುಳಿತುಬಿಟ್ಟಳು. ಬಹಳ ಹೊತ್ತು ಗದ್ದಲ. ಕಡೆಗೆ ಸೊಹೇಲ್, "ರೂಪಾಯಿಗೆ ಹದಿನೈದಾಣಿ ಮಾಡೂನು ರೀ!" ಎಂದು ಕೂಗಿದ. ಮಾಡಬಹುದೇ ಎಂದು ಯಾರೋ ಕೇಳಿದರು. ಆಣೆಯೇ ಇಲ್ಲದ ಮೇಲೆ ಎಷ್ಟಾದರೂ ಮಾಡಬಹುದು ಎಂದು ಸೊಹೇಲ್ ವಾದಿಸಿದ. ಹದಿನೈದರಲ್ಲಿ ಮೂರನೇ ಪಾಲು ಬಂತು, ಅರ್ಧ ಬರಲಿಲ್ಲ. ಹದಿನೈದು ಬಿಟ್ಟು ಹನ್ನೆರಡಕ್ಕೆ ಬಂದರು. ಅರ್ಧ ಆರು, ಮೂರನೇ ಪಾಲು ನಾಲ್ಕು, ಕಾಲು ಮೂರು. ಎಲ್ಲವೂ ಕೂತವು. ಅಂದಿನಿಂದ ಯಾವ ಲೆಕ್ಕ ಬಂದರೂ ಐದನೇ ಕ್ಲಾಸು ಮೊದಲು ಕೇಳುವುದು ಒಂದೇ ಮಾತು: "ಇವತ್ತು ರೂಪಾಯಿಗೆ ಎಷ್ಟಾಣಿ?"

ಸಮಚ್ಛೇದ ಎಂಬ ಶಬ್ದವನ್ನು ಅಷ್ಟು ವರ್ಷ ಬೋರ್ಡಿನ ಮೇಲೆ ಬರೆದ ಜಗದೇವಪ್ಪನಿಗೆ ಅದರ ಅರ್ಥ ಗೋಡೆಯಾಚೆಯಿಂದ ಬಂದು ಮುಟ್ಟಿತ್ತು.

ಅಂಗಡಿಕಟ್ಟೆಯ ಮಾತಿನ ಮರುದಿನ ಪ್ರಾರ್ಥನೆ ಮುಗಿದ ಮೇಲೆ ಅವನು ಪಂಚಶೀಲಾಳನ್ನು ವರಾಂಡಕ್ಕೆ ಕರೆದ. "ಅಧ್ಯಕ್ಷರು ಬರಾಕತ್ತ್ಯಾರ. ನೀವು ಜರಾ ಒಂದನೇ ಕ್ಲಾಸು ತಗೊಳ್ರಿ ಟೀಚರ್. ಲೆಕ್ಕ ನಾ ನೋಡ್ಕೋತೀನಿ. ಸುಮ್ಮನ ಕಿರಿಕಿರಿ ಯಾಕ?"

ಅವಳ ಮುಖ ಬದಲಾಗಲಿಲ್ಲ. "ಲೆಕ್ಕದಾಗ ತಪ್ಪಿದ್ರ ತೋರಿಸ್ರಿ ಸರ್, ಬಿಡ್ತೀನಿ. ಬ್ಯಾರೆ ಕಾರಣ ಇದ್ರ ಅದನ್ನ ಹೇಳ್ರಿ. ಕಿರಿಕಿರಿ ಅನ್ನಬ್ಯಾಡ್ರಿ."

ಬೇರೆ ಕಾರಣ ಏನೆಂದು ಇಬ್ಬರಿಗೂ ಗೊತ್ತಿತ್ತು.

"ಅವ್ರು ಬಂದು ಕ್ಲಾಸಿನಾಗೇ ಕೂಡ್ಲಿ," ಎಂದಳು ಅವಳು. "ಹುಡುಗ್ರನ್ನ ಕೇಳ್ಲಿ. ಆಮ್ಯಾಲ ನೀವು ಏನಂತೀರೋ ಅದು."

ಸಂಗಮನಾಥ ಬಂದ. ಕುರ್ಚಿ ತರಿಸಿಕೊಂಡು ಬಾಗಿಲಿಗೆ ಹತ್ತಿರ ಕುಳಿತ. ಅಪ್ಪನನ್ನು ಕಂಡು ಸೌಭಾಗ್ಯ ಬೆಂಚಿನಲ್ಲಿ ಅರ್ಧದಷ್ಟಾದಳು.

"ನೀವು ದೇವರಿಗೆ ಪಾಲಿಲ್ಲ ಅಂದೀರಂತ?"

ಪಂಚಶೀಲಾ ಬಾಯಿ ತೆರೆಯುವ ಮೊದಲೇ ಜಗದೇವಪ್ಪ ಮಾತಾಡಿದ್ದ. ಅದು ಅವನಿಗೇ ಆಶ್ಚರ್ಯ. "ಹಂಗಂದಿಲ್ಲ ಅವ್ರು. ನಾ ಗ್ವಾಡಿ ಆ ಕಡಿ ಇದ್ದೆ. ಮೊದ್ಲೇ ಎಣಿಸಿ ಕೊಡ್ರಿ ಅಂದ್ರು. ಹೆಚ್ಚ ಕೊಡಿಸ್ಯಾರ, ಕಮ್ಮಿ ಕೊಡಿಸಿಲ್ಲ."

ಸಂಗಮನಾಥ ಅವನನ್ನು ಒಮ್ಮೆ ನೋಡಿ ಕ್ಲಾಸಿನ ಕಡೆ ತಿರುಗಿದ. "ಹೌದಾ? ನಾ ಒಂದು ಲೆಕ್ಕ ಕೇಳ್ತೀನಿ. ಬಾವಿ ಹೊಲದ ತೊಗರಿ ರಾಶಿ. ಬೀಜ, ಎತ್ತು ನಂದು, ಅದಕ್ಕ ಅರ್ಧ ನನ್ನ ಹಿಸ್ಸಾ. ನಮ್ಮ ಅಣ್ಣಂದು ಮೂರರಾಗ ಒಂದು. ಉಳಿದದ್ದು ಮಠಕ್ಕ. ನನಗ ಎಂಟಾಣಿ, ಅಣ್ಣಗ ಐದಾಣಿ, ಮಠಕ್ಕ ಮೂರಾಣಿ. ನಮ್ಮಪ್ಪನ ಕಾಲದಿಂದ ಹಿಂಗೇ. ಈಗ ನಿಮ್ಮ ಲೆಕ್ಕದಾಗ ಮಠಕ್ಕ ಎಷ್ಟು ಬರ್ತದ, ಹೇಳ್ರಿ."

ಪಂಚಶೀಲಾ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಪಕ್ಕಕ್ಕೆ ಸರಿದಳು.

"ಇವತ್ತು ರೂಪಾಯಿಗೆ ಎಷ್ಟಾಣಿ?" ಹಿಂದಿನಿಂದ ಯಾರೋ ಅಂದರು.

"ಹನ್ನೆರಡು."

"ಯಾಕ? ಆರು ಸಾಕು," ಎಂದಳು ಯಂಕಮ್ಮ. "ಅರ್ಧ ಮೂರು, ಮೂರನೇ ಪಾಲು ಎರಡು. ಎರಡೂ ಕೂಡಿದ್ರ ಐದು. ಆರರಾಗ ಐದು ಕಳದ್ರ ಒಂದು. ಮಠಕ್ಕ ಆರರಾಗ ಒಂದಾಣಿ ರೀ."

ಸಂಗಮನಾಥ ತೊಡೆ ತಟ್ಟಿದ. "ಕೇಳಿದ್ರಿಲ್ಲ ಮಾಸ್ತರ? ಮೂರಾಣಿ ಇದ್ದದ್ದು ಒಂದಾಣಿ ಆತು! ಕಸಗೊಂಡಾರ ಅಂತ ನಾ ಸುಮ್ಮನ ಅಂದೀನೇನು?"

ಸೊಹೇಲ್ ನಗು ತಡೆಯಲಾಗದೆ ಬೆಂಚಿನ ಕೆಳಗೆ ಬಗ್ಗಿದ. "ಆ ಆಣಿ ಬ್ಯಾರೆ, ಈ ಆಣಿ ಬ್ಯಾರೆ ರೀ ಸಾವ್ಕಾರ್ರ. ನಿಮ್ಮ ರೂಪಾಯಿ ಹದಿನಾರರದು, ನಮ್ಮದು ಆರರದು. ನಮ್ಮ ಆಣಿ ದಪ್ಪ."

"ಹಂಗಾದ್ರ ಎರಡಕ್ಕೂ ಕೂಡುವ ರೂಪಾಯಿ ಹುಡುಕ್ರಿ," ಎಂದಳು ಪಂಚಶೀಲಾ. ಆ ಲೆಕ್ಕ ಮುಗಿಯುವವರೆಗೆ ಅವಳು ಆಡಿದ್ದು ಅದೊಂದೇ ಮಾತು.

ಮಕ್ಕಳು ಹದಿನಾರಕ್ಕೆ ಹದಿನಾರು ಸೇರಿಸಿ ಮೂವತ್ತೆರಡು ಮಾಡಿದರು. ಮೂರನೇ ಪಾಲು ಬರಲಿಲ್ಲ. ಒಬ್ಬ ಬರುತ್ತದೆ ಎಂದು ಹಟ ಹಿಡಿದು ಬೆರಳೆಣಿಸಿ ಸೋತ. ಇನ್ನೊಂದು ಹದಿನಾರು ಸೇರಿಸಿದರು. ನಲವತ್ತೆಂಟು. ಯಂಕಮ್ಮ ಬೋರ್ಡಿಗೆ ಓಡಿದಳು. ಅವಳ ಅಂಕಿಗಳು ಸೊಟ್ಟಗಿದ್ದವು, ಲೆಕ್ಕ ಸೊಟ್ಟಗಿರಲಿಲ್ಲ. ಹದಿನಾರರ ಮೂರಾಣೆ ನಲವತ್ತೆಂಟರಲ್ಲಿ ಒಂಬತ್ತು. ಆರರ ಒಂದಾಣೆ ನಲವತ್ತೆಂಟರಲ್ಲಿ ಎಂಟು.

ಜಗದೇವಪ್ಪ ಗೋಡೆಗೆ ಒರಗಿ ನಿಂತಿದ್ದ. ಅವನ ಕತ್ತರಿಯಿಂದ ಈ ಲೆಕ್ಕ ಮಾಡಿದ್ದರೆ ಕೆಳಗೆ ತೊಂಬತ್ತಾರು ಬರುತ್ತಿತ್ತು, ಅರ್ಧ ಕ್ಲಾಸು ಅಲ್ಲೇ ಬೀಳುತ್ತಿತ್ತು. ತಲೆ ಇಲ್ಲದ ಮಕ್ಕಳು ಕಣ್ಣೆದುರೇ ಹಾದಿ ತಪ್ಪಿ, ತಾವೇ ಹಿಂದೆ ಬಂದು, ಬೇರೆ ಹಾದಿ ಹಿಡಿದಿದ್ದರು. ಯಾರೂ ಅವರ ಕೈ ಹಿಡಿದಿರಲಿಲ್ಲ. ಸುಮ್ಮನಿರುವುದೂ ಒಂದು ವಿದ್ಯೆ ಎಂದು ಅವನಿಗೆ ಯಾವ ತರಬೇತಿಯಲ್ಲೂ ಯಾರೂ ಹೇಳಿರಲಿಲ್ಲ. ಇಷ್ಟು ಕಷ್ಟದ ವಿದ್ಯೆ ಎಂದು ನೋಡಿದ ಮೇಲಷ್ಟೇ ಗೊತ್ತಾಯಿತು.

"ಒಂಬತ್ತರಾಗ ಎಂಟು ಹೋದ್ರ?" ಸಂಗಮನಾಥ ಕುರ್ಚಿಯಿಂದ ಮುಂದೆ ಬಾಗಿದ್ದ. ಅವನಿಗೂ ಲೆಕ್ಕದ ಚಟ ಹತ್ತಿತ್ತು.

"ಒಂದು."

"ಅಂದ್ರ ಕಮ್ಮಿ ಆತೋ ಇಲ್ಲೋ?"

ಯಂಕಮ್ಮ ಟೀಚರ್ ಕಡೆ ನೋಡಿದಳು. ಟೀಚರ್ ಕಿಟಕಿಯ ಕಡೆ ನೋಡುತ್ತಿದ್ದಳು. "ಕಮ್ಮಿ ಆತ್ರಿ," ಎಂದಳು ಯಂಕಮ್ಮ.

ಮುಗಿಯಿತು ಎಂದುಕೊಂಡ ಜಗದೇವಪ್ಪ. ಲೆಕ್ಕವೇನೋ ಸರಿ ಬಂತು, ಟೀಚರ್ ಕೆಲಸ ಹೋಯಿತು. ಸಂಗಮನಾಥ ಎದ್ದು ಹೆಗಲ ಮೇಲಿನ ಟವೆಲ್ ಕೊಡವಿಕೊಂಡ.

"ಅಪ್ಪ, ನಿಂದ್ರು."

ಸೌಭಾಗ್ಯ ಎದ್ದಿದ್ದಳು. ಬೋರ್ಡಿನ ಹತ್ತಿರ ಹೋಗಿ ಯಂಕಮ್ಮನ ಕೈಯಿಂದ ಸೀಮೆಸುಣ್ಣ ಕಸಿದುಕೊಂಡಳು. "ಆ ಒಂದು ಯಾರದು ಅಂತ ನೋಡಬೇಕಲ್ಲ? ನಿನ್ನ ಅರ್ಧ ಆ ಲೆಕ್ಕದಾಗೂ ಇಪ್ಪತ್ನಾಕು, ಈ ಲೆಕ್ಕದಾಗೂ ಇಪ್ಪತ್ನಾಕು. ನಿನಗ ಫರಕ್ ಇಲ್ಲ. ದೊಡ್ಡಪ್ಪಂದು ಮೂರನೇ ಪಾಲು, ನಲವತ್ತೆಂಟರಾಗ ಹದಿನಾರು ಬರಬೇಕು. ನೀನು ಐದಾಣಿ ಅಂತ ಕೊಡ್ತಿ. ಅದು ಹದಿನೈದು." ಒಂದರ ಕೆಳಗೆ ಒಂದು ಬರೆದು, ಕಳೆದು, ಗೆರೆ ಎಳೆದಳು. "ದೇವರಿಗೆ ಹೆಚ್ಚ ಹೋಗಿದ್ದು ನಿಂದಲ್ಲ ಅಪ್ಪ. ದೊಡ್ಡಪ್ಪಂದು."

ಯಾರೂ ನಗಲಿಲ್ಲ. ಸೊಹೇಲ್ ಕೂಡ ನಗಲಿಲ್ಲ. ಸಂಗಮನಾಥ ಬೋರ್ಡನ್ನು ಎರಡು ಸಲ ಮೇಲಿಂದ ಕೆಳಗೆ ಓದಿದ. ಅವನು ವ್ಯಾಪಾರಿ, ಲೆಕ್ಕ ಸರಿಯಿದ್ದರೆ ಅವನಿಗೆ ಸರಿಯೆಂದು ಕಾಣದೆ ಇರುವುದಿಲ್ಲ.

"ದೊಡ್ಡಪ್ಪನ ಮುಂದ ಹೇಳಬ್ಯಾಡ," ಎಂದ.

"ಅವ್ರೇ ಕೇಳಿದ್ರ?"

"ಕೇಳಂಗಿಲ್ಲ. ಅಂವ ನಿಮ್ಮ ಹೆಡ್‌ಮಾಸ್ತರ ಕೈಯಾಗ ಕಲ್ತಾನ."

ಈಗ ಇಡೀ ಕ್ಲಾಸು ನಕ್ಕಿತು. ಸಂಗಮನಾಥನ ಮೀಸೆಯೂ ಸ್ವಲ್ಪ ಅಲುಗಿತು. ಜಗದೇವಪ್ಪನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ವರಾಂಡದಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಸಂಗಮನಾಥ ಅಂದ: "ಲೆಕ್ಕ ಅಕಿ ಕಡೀನೇ ಇರ್ಲಿ ಬಿಡ್ರಿ."

"ಅವ್ರ ಕಡಿ," ಎಂದ ಜಗದೇವಪ್ಪ.

ಸಂಗಮನಾಥ ಕೇಳಿಸಲಿಲ್ಲವೆಂಬಂತೆ ಗೇಟು ದಾಟಿದ. ಕೇಳಿಸಿತ್ತು, ಕಿವಿ ಸರಿಯಿದ್ದವು.

ಐದನೇ ಕ್ಲಾಸಿನೊಳಗೆ ಪಂಚಶೀಲಾ ಆಗಲೇ ಮುಂದಿನ ಲೆಕ್ಕ ಬರೆಯುತ್ತಿದ್ದಳು. ಜಗದೇವಪ್ಪ ಬಾಗಿಲಲ್ಲಿ ನಿಂತು ಏನೋ ಹೇಳಲು ಹೋದ. ಅವಳು ತಿರುಗಿ, "ಆತೇನ್ರಿ ಸರ್?" ಎಂದಳು. "ಆತು," ಎಂದ. ಅವಳು ಮತ್ತೆ ಬೋರ್ಡಿನ ಕಡೆ ತಿರುಗಿದಳು.

ನಾಲ್ಕನೇ ಕ್ಲಾಸಿನಲ್ಲಿ ನಿನ್ನೆ ಬರೆದ ಕತ್ತರಿ ಬೋರ್ಡಿನ ಮೇಲೆ ಹಾಗೇ ಇತ್ತು. ಅವನು ಅದನ್ನು ಒರೆಸಿದ. ಒರೆಸಿ, ಏನು ಬರೆಯಬೇಕೆಂದು ತೋಚದೆ ನಿಂತ. ಕಡೆಗೆ ಗೋಡೆಯ ಮೇಲಿನ ಸಂದಿಯ ಕಡೆ ಮುಖ ಎತ್ತಿ ಕೂಗಿದ: "ಟೀಚರ್, ನಮ್ಮ ಹುಡುಗ್ರನ್ನ ಆ ಕಡಿ ಕಳಿಸ್ಲೇನು?"

"ಜಾಗ ಇಲ್ರಿ ಸರ್," ಆಚೆಯಿಂದ ಬಂತು ದನಿ. "ನೀವೇ ಹೇಳ್ರಿ. ನಾ ಈ ಕಡಿಂದ ಕೇಳ್ತಿರ್ತೀನಿ."

ಜಗದೇವಪ್ಪ ಸೀಮೆಸುಣ್ಣ ಕೆಳಗಿಟ್ಟ. ಕಿಟಕಿಯಾಚೆ ನೋಡಿದ. ಮುಂದಿನ ಬೆಂಚಿನ ಕಡೆ ತಿರುಗಿ ಕೇಳಿದ:

"ನಿಮ್ಮ ಹೊಲದಾಗ ಬೆಳಿ ಹೆಂಗದ?"